ಪಾಲಾಕ್ಷನ ಮನೆಗೆ ಸರ್ಕಾರ ಬಂದದ್ದು

ಕೊಡಿಗೇನಹಳ್ಳಿಯ ಪಾಲಾಕ್ಷನಿಗೆ ಬೆರಗಾಗಲು ದೊಡ್ಡ ಕಾರಣವೇನೂ ಬೇಕಾಗಿರಲಿಲ್ಲ. ಹಿಂದೂಪುರದ ಬಸ್ಸು ಹೊತ್ತಿಗೆ ಸರಿಯಾಗಿ ಬಂದರೆ ಅವನಿಗೆ ಬೆರಗು, ಬಾರದಿದ್ದರೆ ಇನ್ನೂ ಬೆರಗು. ಐವತ್ತು ದಾಟಿದ ಮೇಲೂ ಲೋಕವನ್ನು ಆಗತಾನೇ ಪೊಟ್ಟಣ ಬಿಚ್ಚಿ ಕೈಗಿಟ್ಟರೇನೋ ಎಂಬಂತೆ ನೋಡುತ್ತಿದ್ದ. ಹೆಂಡತಿ ಶಿವಲಕ್ಷ್ಮಿಗೆ ಅಂಥ ಅಭ್ಯಾಸವಿರಲಿಲ್ಲ. ಮನೆಯಲ್ಲಿ ಇಬ್ಬರೂ ಬಾಯಿ ಬಿಟ್ಟುಕೊಂಡು ನಿಂತರೆ ಒಲೆ ಹಚ್ಚುವವರು ಯಾರು ಎಂಬ ಯೋಚನೆ ಅವಳದು.

ಹಿತ್ತಲ ಕಡೆಯ ಕೋಣೆಯಲ್ಲಿ ಶಿವಲಕ್ಷ್ಮಿ ರಾಗಿ ಅರಳಿಸಿ, ಬೀಸಿ, ಜರಡಿ ಹಿಡಿದು ಹುರಿಹಿಟ್ಟು ಮಾಡುತ್ತಿದ್ದಳು. ಅದು ಮಧುಗಿರಿಗೂ ಕೊರಟಗೆರೆಗೂ ಹೋಗುತ್ತಿತ್ತು. ಪೊಟ್ಟಣದ ಮೇಲೆ ಪ್ರೊಪ್ರೈಟರ್ ಎಂದು ಪಾಲಾಕ್ಷನ ಹೆಸರಿತ್ತು. ಆ ಹೆಸರು ಅಚ್ಚಾಗಿ ಬಂದ ದಿನ ಅವನು ಅದನ್ನು ಬೆಳಗಿನಿಂದ ಸಂಜೆಯವರೆಗೆ ಓದಿದ್ದ.

ರಾಗಿ ಅವರದೇ ಹೊಲದ್ದು. ಆ ಹೊಲ ಮೂರು ವರ್ಷದಿಂದ ಯೂರಿಯಾದ ಮುಖ ಕಂಡಿರಲಿಲ್ಲ. ಇದರ ಹಿಂದೆ ತತ್ತ್ವ ಏನೂ ಇರಲಿಲ್ಲ. ಯೂರಿಯಾಕ್ಕೆ ಸೊಸೈಟಿ ಮುಂದೆ ಸಾಲಿನಲ್ಲಿ ನಿಲ್ಲಬೇಕು, ಪಾಲಾಕ್ಷನಿಗೆ ನಿಂತರೆ ಮಂಡಿ ನೋವು. ಗಂಡ ಸುಮ್ಮನೆ ಕೂತ, ಹೆಂಡತಿ ಕೊಟ್ಟಿಗೆ ಗೊಬ್ಬರವನ್ನು ಮಂಕರಿಯಲ್ಲಿ ಹೊತ್ತು ಹೊತ್ತು ಹೊಲ ತುಂಬಿಸಿದಳು. ಇವೆರಡೂ ಸೇರಿದರೆ ಅದಕ್ಕೆ ಸಾವಯವ ಕೃಷಿ ಎಂದು ಹೆಸರು ಎಂಬುದು ಮಧುಗಿರಿಯ ಸಭೆಗೆ ಹೋಗುವ ತನಕ ಅವನಿಗೆ ತಿಳಿದಿರಲಿಲ್ಲ.

ಆ ಸಭೆಗೆ ಅವನು ಹೋದದ್ದು ಊಟಕ್ಕೆ. ಊಟಕ್ಕೆ ಮೊದಲು ಒಬ್ಬ ಅಧಿಕಾರಿ ಎದ್ದು, ಆಹಾರ ಪದಾರ್ಥ ತಯಾರಿಸಿ ಮಾರುವವರು ಸಾವಯವ ಸರ್ಟಿಫಿಕೇಟು ಮಾಡಿಸಿಕೊಂಡರೆ ಅದಕ್ಕೆ ತಗಲುವ ಖರ್ಚಿನಲ್ಲಿ ಒಂದು ಪಾಲನ್ನು ಸರ್ಕಾರ ವಾಪಸು ಕೊಡುತ್ತದೆ ಎಂದು ವಿವರಿಸಿದರು. ಪಾಲಾಕ್ಷನ ಕೈಯಲ್ಲಿದ್ದ ನೀರಿನ ಲೋಟ ಅಲ್ಲೇ ನಿಂತಿತು. ವಿಷ ಹಾಕದೆ ಇದ್ದದ್ದಕ್ಕೆ ಒಂದು ಸರ್ಟಿಫಿಕೇಟು, ಅದಕ್ಕೊಂದು ತಪಾಸಣೆ, ತಪಾಸಣೆಗೆ ಆದ ಖರ್ಚಿಗೆ ಸರ್ಕಾರದ ಸಹಾಯ. ಸುಮ್ಮನೆ ಕೂತದ್ದನ್ನೂ ದೂರದಿಂದ ಯಾರೋ ನೋಡಿ ಮೆಚ್ಚುತ್ತಿದ್ದಾರೆ ಎಂದರೆ ಯಾರಿಗೆ ತಾನೇ ಮೈ ಜುಮ್ಮೆನ್ನುವುದಿಲ್ಲ.

ಮನೆಗೆ ಬಂದು ಹೇಳಿದಾಗ ಶಿವಲಕ್ಷ್ಮಿ ಜರಡಿ ನಿಲ್ಲಿಸದೆಯೇ, ಮೊದಲು ದುಡ್ಡು ಕಟ್ಟುವವರು ಯಾರು ಎಂದು ಕೇಳಿದಳು. ನಾವೇ ಎಂದ. ವಾಪಸು ಬರುವುದು ಯಾವಾಗ? ಸರ್ಟಿಫಿಕೇಟು ಬಂದ ಮೇಲೆ. ಬರದಿದ್ದರೆ? ಈ ಪ್ರಶ್ನೆಗೆ ಸಭೆಯಲ್ಲಿ ಉತ್ತರ ಹೇಳಿದ್ದರೋ ಏನೋ, ಅಷ್ಟರಲ್ಲಿ ಊಟಕ್ಕೆ ಕರೆದಿದ್ದರು.

ಆದರೂ ಅವಳು ತನ್ನ ಚೀಟಿ ಹಣ ತೆಗೆದುಕೊಟ್ಟಳು. ಸಿರಾದ ದೊಡ್ಡ ಅಂಗಡಿಯವರು ಸರ್ಟಿಫಿಕೇಟು ತೋರಿಸಿದರೆ ತಿಂಗಳು ತಿಂಗಳು ಹಿಟ್ಟು ಎತ್ತುತ್ತೇವೆ ಎಂದಿದ್ದರು. ಸಿಕ್ಕರೆ ಬದುಕು ಒಂದು ದಾರಿಗೆ ಬೀಳುತ್ತದೆ. ಹೊಲದಲ್ಲೋ ಹಿಟ್ಟಿನಲ್ಲೋ ಔಷಧಿಯ ಸುಳಿವು ಕಂಡರೆ ಚೀಟಿ ಹಣವೂ ಹೋಯಿತು, ಮೊದಲಿಂದ ಮತ್ತೆ ಮೂರು ವರ್ಷ ಕಾಯಬೇಕು. ಮಂಕರಿ ಹೊತ್ತ ತಲೆಗೆ ಈ ಲೆಕ್ಕ ಚೆನ್ನಾಗಿ ಅರ್ಥವಾಗಿತ್ತು.

ಸಂಕ್ರಾಂತಿ ಕಳೆದ ಮೇಲೆ ಸರ್ಟಿಫಿಕೇಟು ಕೊಡುವವರಿಂದ ಒಂದು ಫೋನು ಬಂತು. ಗುರುವಾರ ತಪಾಸಣೆಗೆ ಬರುತ್ತೇವೆ, ಹೊಲ ನೋಡುತ್ತೇವೆ, ಹಿಟ್ಟಿನ ಕೋಣೆ ನೋಡುತ್ತೇವೆ, ನಮಗಾಗಿ ಏನೂ ಮಾಡಬೇಡಿ, ಇದ್ದದ್ದು ಇದ್ದ ಹಾಗೇ ಇರಲಿ ಎಂದು ಆ ಕಡೆಯ ಹೆಣ್ಣು ದನಿ ಹೇಳಿತು.

ಇಲ್ಲೇ ಎಡವಟ್ಟಾಯಿತು. ನಮ್ಮ ಕಡೆ ಏನೂ ಮಾಡಬೇಡಿ ಎಂದ ನೆಂಟರಿಗೆ ನಿಜವಾಗಿಯೂ ಏನೂ ಮಾಡದೆ ಕಳಿಸಿದ ಮನೆ ಇನ್ನೂ ಹುಟ್ಟಿಲ್ಲ. ಕಾಫಿ ಬೇಡ ಎಂದರೆ ಕಾಫಿ ಕೊಡಬೇಕು, ಊಟ ಬೇಡ ಎಂದರೆ ಒಬ್ಬಟ್ಟು ಮಾಡಬೇಕು. ಸರ್ಕಾರವೇ ಬಾಯಿ ಬಿಟ್ಟು ಏನೂ ಬೇಡ ಎಂದಿದೆ ಎಂದರೆ ಅದಕ್ಕೆ ಏನು ಮಾಡಬೇಕೋ ಎಂದು ಪಾಲಾಕ್ಷ ದಿಗಿಲುಬಿದ್ದ. ದಿಗಿಲುಬಿದ್ದವನು ನೇರ ಬಸ್ ಸ್ಟ್ಯಾಂಡಿನ ಹೋಟೆಲಿಗೆ ಹೋದ.

"ಗುರುವಾರ ಸರ್ಕಾರ ನಮ್ಮನೆಗೆ ಬತ್ತಾ ಐತೆ," ಎಂದ.

ಅವನ ಕ್ಲಾಸ್‌ಮೇಟ್ ಹಾಲೇಶ ಅಲ್ಲೇ ಕೂತಿದ್ದ. ಊರಿನ ಗೊಬ್ಬರ, ಔಷಧಿ ಅಂಗಡಿ ಅವನದು. ಸರ್ಕಾರಕ್ಕೆ ನಿನ್ನ ಮನೆ ಎಲ್ಲಿದೆ ಎಂದು ಗೊತ್ತಾದದ್ದು ಹೆಂಗೆ ಎಂದು ಛೇಡಿಸಿದ. ಪಾಲಾಕ್ಷ ಸಭೆಯ ಸಂಗತಿ ಹೇಳಿದ. ಸರ್ಟಿಫಿಕೇಟು, ಸಹಾಯಧನ, ತಪಾಸಣೆ ಎಲ್ಲ ಹೇಳಿದ. ಯಾತಕ್ಕೆ ತಪಾಸಣೆ ಎಂಬುದೊಂದನ್ನು ಹೇಳಲು ಮರೆತ. ಅಲ್ಲಿದ್ದವರು ಅದನ್ನು ತಮಗೆ ತಿಳಿದಂತೆ ತುಂಬಿಕೊಂಡರು. ಒಳ್ಳೆಯ ರೈತ, ಚೊಕ್ಕಟವಾದ ಮನೆ, ಅದಕ್ಕೊಂದು ಬಹುಮಾನ ಎಂದು ಒಮ್ಮತಕ್ಕೆ ಬಂದರು. ಪಾಲಾಕ್ಷ ಒಳ್ಳೆಯ ರೈತನಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ಹೊರಗಿನವರ ಮುಂದೆ ಊರಿನ ಮಾನ ಕಳೆಯಬಾರದಲ್ಲ.

ಬುಧವಾರ ಶಿವಲಕ್ಷ್ಮಿ ಹಿಟ್ಟು ಕೊಟ್ಟು ಬರಲು ಕೊರಟಗೆರೆಗೆ ಹೊರಟಳು. ಬಸ್ಸು ಹತ್ತುವ ಮುಂಚೆ ಗಂಡನಿಗೆ, ಏನನ್ನೂ ಮುಟ್ಟಬೇಡಿ ಎಂದು ಹೇಳಿದಳು. ಪಾಲಾಕ್ಷ ಮಾತಿಗೆ ತಪ್ಪಲಿಲ್ಲ. ಇಡೀ ದಿನ ಜಗಲಿಯ ಮೇಲೆ ಕೂತ, ಏನನ್ನೂ ಮುಟ್ಟಲಿಲ್ಲ. ಮುಟ್ಟಿದವರು ಬೇರೆಯವರು.

ಮೊದಲು ಬಂದವನು ಪಂಚಾಯ್ತಿ ಮೆಂಬರ್ ಕದರಪ್ಪ. ದೊಡ್ಡವರು ಬರುತ್ತಾರೆಂದರೆ ದಾರಿಯ ಎರಡೂ ಬದಿಗೆ ಬ್ಲೀಚಿಂಗ್ ಪೌಡರ್ ಹಾಕಿಸುವುದು ಅವನಿಗೆ ದೇವರ ಮುಂದೆ ದೀಪ ಹಚ್ಚಿದಷ್ಟು ಸಹಜ. ಬಸ್ ಸ್ಟ್ಯಾಂಡಿನಿಂದ ಶುರುವಾದ ಬಿಳಿ ಗೆರೆ ಚರಂಡಿ ಪಕ್ಕಕ್ಕೇ ಬಂದು, ಪಾಲಾಕ್ಷನ ಮೆಟ್ಟಿಲು ಹತ್ತಿ, ನಡುಮನೆ ದಾಟಿ, ಹಿಟ್ಟಿನ ಕೋಣೆಯನ್ನು ಒಂದು ಸುತ್ತು ಪ್ರದಕ್ಷಿಣೆ ಹಾಕಿ ಹಿತ್ತಲಲ್ಲಿ ನಿಂತಿತು. ಮಂತ್ರಿ ಬಂದಾಗಲೂ ಇಷ್ಟು ಹಾಕಿಸಿರಲಿಲ್ಲ ಎಂದು ಕದರಪ್ಪ ಬೆವರೊರೆಸಿಕೊಂಡ. ಒಂದು ಕಪ್ ಕಾಫಿಯನ್ನೂ ಕುಡಿಯದೆ ಹೋದ. ಅವನ ಸ್ವಂತ ಮನೆಯ ಮುಂದೆ ಹಾಕಲು ಅಂದು ಒಂದು ಚಿಟಿಕೆ ಪೌಡರೂ ಉಳಿದಿರಲಿಲ್ಲ.

ಆಮೇಲೆ ಪಕ್ಕದ ಮನೆಯ ರಾಮಾಂಜಿನಮ್ಮ. ಪಾವಗಡದ ವಳ್ಳೂರಿನಿಂದ ಬಂದ ಸೊಸೆ, ಈಗ ಅಜ್ಜಿ. ಮಾತನ್ನು ಕನ್ನಡದಲ್ಲಿ ಶುರುಮಾಡಿ ತೆಲುಗಿನಲ್ಲಿ ಮುಗಿಸುವವಳು. ಶಿವಲಕ್ಷ್ಮಿ ಒಬ್ಬಳೇ ಎಷ್ಟೂಂತ ದುಡಿಯುತ್ತಾಳೆ ಪಾಪ ಎಂದುಕೊಂಡು ಕೋಣೆ ಗುಡಿಸಲು ಬಂದಳು. ರಾಗಿ ಮೂಟೆಗಳ ಹತ್ತಿರ ಇರುವೆ ಸಾಲು ಕಂಡಿತು. ಮನೆಗೆ ಓಡಿ ಇರುವೆ ಕೊಲ್ಲುವ ಔಷಧಿ ಸೀಮೆಸುಣ್ಣ ತಂದು, ನೋಯುವ ಸೊಂಟವನ್ನು ಹಿಡಿದುಕೊಂಡು, ಒಂದೊಂದು ಮೂಟೆಯ ಸುತ್ತಲೂ ಗುಂಡಗೆ ಗೆರೆ ಎಳೆದಳು. ನಂಬಿಕೆ ಸಾಲದೆ ಮೂಟೆಯ ಮೈಮೇಲೂ ಎಳೆದಳು.

ಕೊನೆಗೆ ಹಾಲೇಶ. ಪಾಲಾಕ್ಷನ ಹೊಲದಲ್ಲಿ ರಾಗಿ ಕೊಯ್ದ ಮೇಲೂ ಅವರೆ ಸಾಲುಗಳು ನಿಂತಿದ್ದವು, ಎಲೆಗಳೆಲ್ಲ ಹುಳ ತಿಂದು ಜರಡಿಯಾಗಿದ್ದವು. ಸ್ನೇಹಿತನ ಮಾನ ಆ ತೂತುಗಳಲ್ಲಿ ಸೋರಿಹೋಗುವುದನ್ನು ಅವನಿಂದ ನೋಡಲಾಗಲಿಲ್ಲ. ಅಂಗಡಿಯಲ್ಲಿದ್ದ ಅತಿ ಬೆಲೆಯ ಬಾಟಲಿ ತೆಗೆದು, ಸ್ಪ್ರೇ ಕ್ಯಾನನ್ನು ಬೆನ್ನಿಗೆ ಹಾಕಿಕೊಂಡು, ಯಾರಿಗೂ ಹೇಳದೆ ಹೊಲದ ಕಡೆ ಹೊರಟ. ಪುಣ್ಯಕ್ಕೆ ಕೊರಟಗೆರೆಯಿಂದ ಬರುತ್ತಿದ್ದ ಶಿವಲಕ್ಷ್ಮಿ ಅವರೆಕಾಯಿ ಕಿತ್ತುಕೊಂಡು ಹೋಗೋಣವೆಂದು ಹೊಲದ ದಾರಿಯಲ್ಲೇ ಇಳಿದಿದ್ದಳು. ಬದುವಿನ ಮೇಲೆ ಇಬ್ಬರೂ ಎದುರಾದರು.

"ಹಾಲೇಶಣ್ಣ, ಕ್ಯಾನು ಇಳಿಸು," ಎಂದಳು.

ಆ ದನಿಗೆ ಅವನು ಏಕೆ ಎಂದು ಕೇಳದೆ ಇಳಿಸಿದ.

ಗಂಡಾಂತರ ತಪ್ಪಿಸಿದೆ ಎಂದುಕೊಂಡು ಮನೆಗೆ ಬಂದವಳಿಗೆ ಮೆಟ್ಟಿಲ ಮೇಲೆ ಬಿಳಿ ಗೆರೆ ಕಂಡಿತು. ಅದರ ಹಿಂದೆಯೇ ನಡೆದು ಕೋಣೆ ಸೇರಿದಳು. ಮೂಟೆಗಳನ್ನು ನೋಡಿದಳು. ಹೊರಗೆ ಬಂದು ಜಗಲಿಯ ಮೇಲೆ ಗಂಡನ ಪಕ್ಕ ಕೂತು, ಮಡಿಲಲ್ಲಿದ್ದ ಅವರೆಕಾಯಿಯನ್ನು ಸುಮ್ಮನೆ ಸುಲಿಯತೊಡಗಿದಳು. ಬೈದಿದ್ದರೆ ಪಾಲಾಕ್ಷನಿಗೆ ಅಭ್ಯಾಸವಿತ್ತು. ಬೈಯದಿದ್ದಾಗ ಅವನು ಜಗಲಿಯಿಂದ ಎದ್ದು ನಿಂತ.

"ತೊಳೆದ್ಬುಡ್ಲಾ?" ಎಂದು ಕೇಳಿದ.

"ಬ್ಯಾಡ. ತೊಳೆದು ಮುಚ್ಚಿಟ್ರೆ ಸುಳ್ಳು ಹೇಳ್ದಂಗಾಯ್ತದೆ. ಆಗಿದ್ದು ಆಗೈತೆ, ನೋಡ್ಲಿ."

ಗುರುವಾರ ಬೀದಿಯೆಲ್ಲ ಜೀಪಿಗೆ ಕಾದಿತ್ತು. ಕದರಪ್ಪ ಸೇವಂತಿಗೆ ಹಾರ ಹಿಡಿದು ನಿಂತಿದ್ದ. ಮಧುಗಿರಿ ಬಸ್ಸಿನಿಂದ ಹೆಗಲಿಗೆ ಚೀಲ ಹಾಕಿಕೊಂಡ ಒಬ್ಬ ಹುಡುಗಿ ಇಳಿದು, ಬಿಳಿ ಗೆರೆಯ ಪಕ್ಕದಲ್ಲೇ ನಡೆದು ಬಂದಳು. ಗೆರೆ ತುಳೀಬೇಡಮ್ಮ, ದೊಡ್ಡ ಅಧಿಕಾರಿಗಳು ಬರ್ತಾರೆ ಎಂದು ಕದರಪ್ಪ ಅವಳನ್ನು ಆಚೆಗೆ ಸರಿಸಿದ. ಅವಳು ಸರಿದು, ಪಾಲಾಕ್ಷ ಅವರ ಮನೆ ಯಾವುದು ಎಂದು ಕೇಳಿದಳು. ಅವಳೇ ಇನ್‌ಸ್ಪೆಕ್ಟರ್ ಸಹನಾ ಎಂದು ತಿಳಿದಾಗ ಹಾರ ಕದರಪ್ಪನ ಕೈಯಲ್ಲೇ ಅತ್ತಿತ್ತ ಆಡಿತು. ಹಾರ ಹಾಕಿಸಿಕೊಳ್ಳಲು ಅವಳು ಒಪ್ಪಲಿಲ್ಲ. ಅವನ ಮುಖ ಬಾಡಿದ್ದನ್ನು ಕಂಡು ಒಂದು ಹೂವು ಕಿತ್ತುಕೊಂಡು ಮುಡಿಗೆ ಸಿಕ್ಕಿಸಿಕೊಂಡಳು.

ಜಗಲಿಯ ಮೇಲೆ ಕೂತು ಬರೆಯುವ ಹಲಗೆ ತೆಗೆದಳು. ನೆರೆಹೊರೆಯವರನ್ನೂ ಒಂದೆರಡು ಮಾತು ಕೇಳುವುದು ಪದ್ಧತಿ ಎಂದಳು. ಅಷ್ಟು ಹೇಳಿದ್ದೇ ತಡ, ಪಾಲಾಕ್ಷನ ಏಳಿಗೆಗಾಗಿ ಬೀದಿಯೇ ಟೊಂಕ ಕಟ್ಟಿತು.

"ಬರ್ಕೊಳಿ ಮೇಡಂ," ಎಂದ ಕದರಪ್ಪ. "ಗೊಬ್ಬರ ಹಾಕಾದ್ರಲ್ಲಿ ನಮ್ ಪಾಲಾಕ್ಷ ಕೈ ಬಿಗಿ ಹಿಡಿಯೋನಲ್ಲ. ಯೂರಿಯಾ ಅಂದ್ರೆ ಯೂರಿಯಾ, ಡಿಎಪಿ ಅಂದ್ರೆ ಡಿಎಪಿ. ಸುರೀತಾನೆ ಅಂದ್ರೆ ಮಳೆ ಸುರಿದಂಗೆ."

ರಾಮಾಂಜಿನಮ್ಮ ಬಿಟ್ಟಾಳೆಯೇ. ಇವನು ಔಷಧಿ ಹೊಡೆಯುವಾಗ ಘಾಟಿಗೆ ತನಗೆ ಮನೆಯೊಳಗೂ ಕೂರಲಾಗುವುದಿಲ್ಲ, ಅಷ್ಟು ಶ್ರದ್ಧೆಯ ಮನುಷ್ಯ ಎಂದಳು. ಇರುವೆ ಸೀಮೆಸುಣ್ಣದ ಕತೆಯನ್ನೂ ಹೇಳಿದಳು, ಆದರೆ ಅದನ್ನು ಪಾಲಾಕ್ಷನೇ ದಿನಾ ಎಳೆಯುತ್ತಾನೆ ಎಂದು ಪುಣ್ಯವನ್ನು ಅವನ ಪಾಲಿಗೆ ಬರೆಸಿದಳು. ಸಹನಾಳ ಪೆನ್ನು ಓಡುತ್ತಲೇ ಇತ್ತು. ಜನ್ಮದಲ್ಲಿ ಮಾಡದ ಕೆಲಸಕ್ಕೆಲ್ಲ ಇಷ್ಟೊಂದು ಹೊಗಳಿಕೆ ಪಾಲಾಕ್ಷ ಕೇಳಿದ್ದು ಅದೇ ಮೊದಲು. ತಾನು ಮುಳುಗುತ್ತಿದ್ದೇನೆ ಎಂದು ಗೊತ್ತಿದ್ದೂ ಅವನಿಗೆ ಒಂದು ಗಳಿಗೆ ಹೆಮ್ಮೆಯಾಯಿತು.

ಶಿವಲಕ್ಷ್ಮಿ ನೀರಿನ ಚೊಂಬು ಕೆಳಗಿಟ್ಟಳು. "ಮೇಡಂ ಬಂದಿರಾದು ಔಷಧಿ ಹೊಡೆದಿಲ್ಲ ಅಂತ ನೋಡಾಕೆ. ಹೊಡೆದಿದ್ರೆ ನಮ್ ಮೂರು ವರ್ಷ ಮಣ್ಣುಪಾಲು."

ಮೊದಲು ಬಾಯಿ ಬಿಟ್ಟವನು ಹಿಂದೆ ನಿಂತಿದ್ದ ಹಾಲೇಶ. ಹಿಂದಿನ ದಿನ ಬದುವಿನ ಮೇಲೆ ಕ್ಯಾನು ಇಳಿಸಿದ್ದರ ಅರ್ಥ ಅವನಿಗೆ ಈಗ ಹೊಳೆದಿತ್ತು. ಜನರನ್ನು ತಳ್ಳಿಕೊಂಡು ಮುಂದೆ ಬಂದ.

"ಅದನ್ನೆಲ್ಲ ಹೊಡೆದಾಕಿ ಮೇಡಂ, ನಾನು ಹೇಳ್ತೀನಿ. ಔಷಧಿ ಅಂಗಡಿ ನಂದೇ. ಇವ್ನಂಥ ಕೆಟ್ಟ ಗಿರಾಕಿ ಮಧುಗಿರಿ ತಾಲ್ಲೂಕಲ್ಲೇ ಇಲ್ಲ. ಮೂರು ವರ್ಷದಾಗೆ ಒಂದು ಹಿಡಿ ಗೊಬ್ಬರ, ಒಂದು ಮುಚ್ಚಳ ಔಷಧಿ ತಕಂಡಿಲ್ಲ. ನನ್ ಅಂಗಡಿಗೆ ಬರಾದು ಹೊಸ ವರ್ಷಕ್ಕೆ ಒಂದ್ಸಲ, ಪುಕ್ಕಟೆ ಕ್ಯಾಲೆಂಡರ್ ಕೇಳಾಕೆ."

ದಾರಿ ಸಿಕ್ಕಿತು. ಹೊಗಳಿ ಮುಳುಗಿಸಿದ್ದನ್ನು ಬೈದು ಎತ್ತಬೇಕು ಎಂದು ಎಲ್ಲರಿಗೂ ಏಕಕಾಲಕ್ಕೆ ಹೊಳೆಯಿತು. ಕದರಪ್ಪ, ಇವನ ಹೊಲದ ಹುಳಗಳೇ ಊರಿಗೆಲ್ಲ ನೆಂಟರು ಎಂದ. ಇವನು ಸೊಸೈಟಿ ಸಾಲಿನಲ್ಲಿ ನಿಂತದ್ದನ್ನು ತನ್ನ ಕಣ್ಣು ಕಂಡಿಲ್ಲ ಎಂದು ಆಣೆ ಇಟ್ಟ. ಮಧ್ಯಾಹ್ನದ ಬಿಸಿಲಲ್ಲಿ ಹೆಂಡತಿ ಗೊಬ್ಬರ ಹೊತ್ತರೆ ಇವನು ಹುಣಸೆಮರದ ಕೆಳಗೆ ಮಲಗಿ ಅವಳಿಗೆ ದಾರಿ ಹೇಳುತ್ತಿದ್ದ ಎಂದು ರಾಮಾಂಜಿನಮ್ಮ ಹೇಳಿದಳು. ಊರೆಲ್ಲ ರಾಗಿ ಬಡಿದು ತೂರಿ ಮನೆಗೆ ತಂದಾಯಿತು, ಇವನ ಮೆದೆ ಇನ್ನೂ ಅರ್ಧ ಹೊಲದಲ್ಲೇ ಕೂತಿದೆ ಎಂದು ಯಾರೋ ಕೂಗಿದರು. ಪಾಲಾಕ್ಷ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಕೂತ. ತನ್ನ ಸೋಮಾರಿತನವನ್ನು ಮೂರು ವರ್ಷ ಇಷ್ಟೊಂದು ಜನ ಇಷ್ಟೊಂದು ಗಮನವಿಟ್ಟು ನೋಡಿಕೊಂಡು ಬಂದಿದ್ದಾರೆ, ಒಬ್ಬರೂ ಮುಖಕ್ಕೆ ಹೇಳಿ ನೋಯಿಸಿಲ್ಲ ಎಂಬುದು ಅವನಿಗೆ ಆವತ್ತೇ ತಿಳಿದದ್ದು.

ಸಹನಾ ಪೆನ್ನು ಮುಚ್ಚಿದಳು. "ಮೊದಲು ಹೇಳಿದ್ದನ್ನೂ ಬರ್ಕೊಂಡಿದ್ದೀನಿ, ಆಮೇಲೆ ಹೇಳಿದ್ದನ್ನೂ ಬರ್ಕೊಂಡಿದ್ದೀನಿ. ಇನ್ನು ಹೊಲ ಏನು ಹೇಳುತ್ತೋ ಕೇಳೋಣ."

ಕೋಣೆಯನ್ನು ಮೊದಲು ನೋಡಿದಳು. ಗೆರೆ ಬಿದ್ದ ಮೂಟೆಗಳು ಲೆಕ್ಕಕ್ಕಿಲ್ಲ, ಸಾವಯವ ಎಂದು ಅವನ್ನು ಮಾರುವ ಹಾಗಿಲ್ಲ ಎಂದಳು. ಕೋಣೆಯನ್ನು ಬರಿಯ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು, ತಾನು ಇನ್ನೊಂದು ಸಲ ಬಂದು ನೋಡುವವರೆಗೆ, ಇನ್ನು ಮೆದೆ ಬಡಿದು ಬರುವ ಕಾಳನ್ನು ಬೇರೆ ಕಡೆ ಇಡಬೇಕು. ರಾಮಾಂಜಿನಮ್ಮನಿಗೆ ಆಗ ಎಲ್ಲ ಅರ್ಥವಾಯಿತು. ಗೆರೆ ಎಳೆದವಳು ತಾನೇ ಎಂದು ಒಪ್ಪಿಕೊಂಡು, "ನೀ ಕಾಳ್ಳು ಪಟ್ಕುಂಟಾನಮ್ಮ" ಎಂದು ತೆಲುಗಿನಲ್ಲೇ ಅಂದು ಆ ಹುಡುಗಿಯ ಕಾಲು ಹಿಡಿಯಲು ಬಾಗಿದಳು. ಸಹನಾ ಅವಳನ್ನು ಹಿಡಿದು ನಿಲ್ಲಿಸಿ, ತನ್ನ ತಾಯಿಯೂ ಮನೆಯಲ್ಲಿ ಇಂಥದೇ ಗೆರೆ ಎಳೆಯುತ್ತಾರೆ, ಎಷ್ಟು ಹೇಳಿದರೂ ಕೇಳುವುದಿಲ್ಲ ಎಂದು ನಕ್ಕಳು. ಅಜ್ಜಿ ಕಣ್ಣೊರೆಸಿಕೊಂಡು ಮನೆಗೆ ಹೋದವಳೇ ತನ್ನ ನಡುಮನೆಯ ಮಂಚವನ್ನು ಹೊರಗೆ ಎಳೆಸಿದಳು. ಕಾಳು ಅಲ್ಲಿರಲಿ, ತಾನು ಜಗಲಿಯಲ್ಲಿ ಮಲಗುತ್ತೇನೆ ಎಂದಳು.

ಹೊಲಕ್ಕೆ ಇಡೀ ಬೀದಿ ಹಿಂಬಾಲಿಸಿತು. ಸಹನಾ ಚಪ್ಪಲಿ ಬಿಟ್ಟು, ಅವರೆ ಸಾಲಿನ ನಡುವೆ ಮಂಡಿಯೂರಿ ಕೂತಳು. ಬೊಗಸೆಯಲ್ಲಿ ಮಣ್ಣೆತ್ತಿ ಮೂಸಿದಳು. ಸರ್ಕಾರಿ ಕೆಲಸಕ್ಕೆ ಬಂದವರು ಕುರ್ಚಿ ಕೇಳದೆ ನೆಲದಲ್ಲಿ ಕೂತದ್ದನ್ನು ಕಂಡು ಹೆಂಗಸರು ಸೆರಗು ಹೊದ್ದುಕೊಂಡರು. ಮಣ್ಣಿನೊಳಗಿಂದ ಒಂದು ಎರೆಹುಳು ಮೆಲ್ಲಗೆ ಹೊರಬಂದು ಅವಳ ಬೆರಳು ಸುತ್ತಿತು. ತೂತು ಎಲೆಯೊಂದನ್ನು ತಿರುವಿ ತೋರಿಸಿದಳು. ಅಡಿಯಲ್ಲಿ ಪುಟ್ಟ ಕೆಂಪು ಜೀರುಂಡೆಯೊಂದು, ಬೆನ್ನ ಮೇಲೆ ಕಪ್ಪು ಚುಕ್ಕಿ, ಎಲೆಯ ರಸ ಹೀರುವ ಹೇನುಗಳನ್ನು ಒಂದೊಂದಾಗಿ ಹಿಡಿದು ತಿನ್ನುತ್ತಿತ್ತು. ಹಾಲೇಶ ಬಗ್ಗಿ ಬಹಳ ಹೊತ್ತು ಅದನ್ನೇ ನೋಡಿದ. ಇದು ಇಲ್ಲಿ ಎಷ್ಟು ಕಾಲದಿಂದ ಇದೆ ಎಂದು ಕೇಳಿದ. ಮುಂಚೆ ಎಲ್ಲ ಹೊಲದಲ್ಲೂ ಇತ್ತು ಎಂದಳು ಸಹನಾ.

ಬಡಿಯದೆ ಬಿಟ್ಟ ರಾಗಿ ಮೆದೆಯಿಂದ ಒಂದಿಷ್ಟು ತೆನೆ, ಹೊಲದ ನಾಲ್ಕು ಮೂಲೆಯಿಂದ ಮಣ್ಣು ತೆಗೆದು ಚೀಲಕ್ಕೆ ಹಾಕಿ ಸೀಲು ಮಾಡಿದಳು. ನಡೆದದ್ದನ್ನೆಲ್ಲ ನಡೆದ ಹಾಗೇ ಬರೆಯುತ್ತೇನೆ, ಉಳಿದದ್ದು ಲ್ಯಾಬಿನವರ ಕೈಯಲ್ಲಿ ಎಂದು ಬಸ್ಸು ಹತ್ತಿದಳು. ಶಿವಲಕ್ಷ್ಮಿ ಕೊಟ್ಟ ಅವರೆಕಾಯಿಯನ್ನು ಮಾತ್ರ, ಕೆಲಸದ ಮೇಲೆ ಬಂದಾಗ ತೆಗೆದುಕೊಳ್ಳಬಾರದು ಎಂದು ಕೈಮುಗಿದು ವಾಪಸು ಕೊಟ್ಟಳು.

ಮರುದಿನ ಕದರಪ್ಪ ಪಂಚಾಯ್ತಿಯ ಟ್ಯಾಂಕರ್ ತಂದು ಕೋಣೆ ತೊಳೆಸಿದ. ಪೌಡರ್ ಹಾಕಿದ ಆಳುಗಳೇ ತೊಳೆದರು. ಸಹನಾ ಹೇಳಿದ ಹಾಗೆ ಮತ್ತೆ ಬಂದು, ಗೋಡೆ ಮುಟ್ಟಿ, ಮೂಲೆ ಮೂಲೆ ನೋಡಿ ಹೋದಳು. ಆಮೇಲೆ ಕಾಯುವ ಕೆಲಸ. ಶಿವಲಕ್ಷ್ಮಿ ಒಲೆ ಹಚ್ಚುವಳು, ಆರಿಸುವಳು. ಪಾಲಾಕ್ಷ ಹೋಟೆಲಿಗೆ ಹೋಗುವುದನ್ನೂ ಬಿಟ್ಟ. ಉಳಿದ ಮೆದೆಯನ್ನು ಯಾರೂ ಹೇಳದೆ ತಾನೇ ಬಡಿದ, ಮಂಡಿ ನೋವನ್ನು ಒಂದು ಸಲವೂ ಎತ್ತಲಿಲ್ಲ.

ಯುಗಾದಿಗೆ ಮುಂಚೆ ದಪ್ಪ ಲಕೋಟೆ ಬಂತು. ಬಿಚ್ಚಲು ಪಾಲಾಕ್ಷನಿಗೆ ಧೈರ್ಯ ಸಾಲದೆ ಎದೆಗೊತ್ತಿಕೊಂಡು ಜಗಲಿಯಲ್ಲಿ ಕೂತ. ಸುದ್ದಿ ಕೇಳಿ ಬೀದಿ ನೆರೆಯಿತು. ಬಿಚ್ಚಿದವಳು ಶಿವಲಕ್ಷ್ಮಿ. ಮೇಲಿನ ಹಾಳೆ ಸರ್ಟಿಫಿಕೇಟು, ಕೆಳಗಿನದು ಲ್ಯಾಬಿನ ವರದಿ. ಅದರಲ್ಲಿ ಮೇಲಿಂದ ಕೆಳಗೆ ಬರಿಯ ಔಷಧಿಗಳ ಹೆಸರು. ಅದನ್ನು ನಾಲಿಗೆ ತೊಡರದೆ ಓದಬಲ್ಲವನು ಊರಿನಲ್ಲಿ ಒಬ್ಬನೇ. ಹಾಲೇಶನನ್ನು ಕರೆಸಿದರು.

ಅವನು ಕನ್ನಡಕ ಹಾಕಿಕೊಂಡು ಶುರುಮಾಡಿದ. ಮೊನೊಕ್ರೊಟೊಫಾಸ್, ಇಲ್ಲ. ಕ್ಲೋರ್ಪೈರಿಫಾಸ್, ಇಲ್ಲ. ಸೈಪರ್ಮೆಥ್ರಿನ್, ಇಲ್ಲ. ನಾಲ್ಕೈದು ಹೆಸರಿಗೆ ಅವನ ದನಿ ತಾನಾಗಿ ರಾಗಕ್ಕೆ ಬಿತ್ತು, ಬೀದಿಯವರು ಒಂದೊಂದು ಹೆಸರಿಗೂ ಇಲ್ಲ ಎಂದು ಕೂಡಿಸತೊಡಗಿದರು, ಪೂಜೆಯಲ್ಲಿ ಹೆಸರಿಗೊಂದು ನಮಃ ಎನ್ನುವ ಹಾಗೆ. ರಾಮಾಂಜಿನಮ್ಮ ಕೈ ಜೋಡಿಸಿದ್ದಳು. ಎಲ್ಲ ಹೆಸರೂ ಹಾಲೇಶನ ಅಂಗಡಿಯ ಗೂಡಿನಲ್ಲಿ ಸಾಲಾಗಿ ನಿಂತವೇ. ಒಂದು ಹಿಡಿ ತೆನೆಯಲ್ಲಿ ಇಷ್ಟನ್ನೆಲ್ಲ ಯಾರೋ ಕಾಣದ ಊರಿನಲ್ಲಿ ಕೂತು ಹುಡುಕಿದ್ದಾರೆ, ಹುಡುಕಿ ಒಂದೂ ಸಿಗಲಿಲ್ಲ ಎಂದು ರುಜು ಹಾಕಿದ್ದಾರೆ. ಓದಿ ಮುಗಿದ ಮೇಲೂ ಯಾರೂ ಏಳಲಿಲ್ಲ. ಶಿವಲಕ್ಷ್ಮಿ ಹಾಳೆಯನ್ನು ಇಸಕೊಂಡು, ಓದಲು ಬಾರದ ಆ ಹೆಸರುಗಳ ಮೇಲೆ ಒಂದು ಸಲ ಕೈಯಾಡಿಸಿದಳು. ಅವಳ ಅಂಗೈ ಮಂಕರಿ ಹಿಡಿದು ಗಡುಸಾಗಿತ್ತು, ಹಾಳೆ ಸರಸರ ಎಂದಿತು.

ಸಿರಾದವರು ಮಾತಿಗೆ ತಪ್ಪದೆ ಹಿಟ್ಟಿಗೆ ಆರ್ಡರ್ ಕೊಟ್ಟರು. ಸರ್ಕಾರದ ಸಹಾಯವೂ ತಡವಾಗಿ, ಆದರೆ ಹೇಳಿದಷ್ಟೇ, ಬ್ಯಾಂಕಿಗೆ ಬಂತು. ಪಾಲಾಕ್ಷ ಮ್ಯಾನೇಜರ ಮುಂದೆ ಹೋಗಿ, ಬೇರೆಯವರ ದುಡ್ಡು ತಪ್ಪಿ ಬಂದಿಲ್ಲ ತಾನೇ ಎಂದು ವಿಚಾರಿಸಿದ. ಶಿವಲಕ್ಷ್ಮಿ ಅದನ್ನು ತಂದು ಹೊಸ ಚೀಟಿಗೆ ಹಾಕಿದಳು.

ಅದಾದ ಒಂದು ಸಂಜೆ ಹಾಲೇಶ ಹಿತ್ತಲ ಬಾಗಿಲಿಗೆ ಬಂದ. ಅವನ ಮಗಳು ಹೆರಿಗೆಗೆ ತವರಿಗೆ ಬಂದವಳು ಇನ್ನೂ ಊರಲ್ಲೇ ಇದ್ದಳು. ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತ ನಿಂತ.

"ಆ ಮೆದೆ ರಾಗಿ ಒಂದು ಸೇರು ಕೊಡಮ್ಮ. ಮೊಮ್ಮಗೂಗೆ ಸರಿ ಮಾಡಿ ತಿನ್ನಿಸ್ಬೇಕು," ಎಂದ. ಆಮೇಲೆ ಪಾಲಾಕ್ಷನ ಕಡೆ ತಿರುಗಿ, "ಹೋಟ್ಲಲ್ಲಿ ಮಾತ್ರ ಹೇಳಬ್ಯಾಡ ಕಣ್ಲಾ. ನನ್ ಅಂಗ್ಡೀನೂ ನಡೀಬೇಕು," ಎಂದ.

ಶಿವಲಕ್ಷ್ಮಿ ಸೇರು ತುಂಬಿ ಮೇಲೆ ಗೋಪುರ ಏಳುವಷ್ಟು ಸುರಿದು, ಚೀಲಕ್ಕೆ ಬಗ್ಗಿಸಿ, ಇನ್ನೊಂದು ಬೊಗಸೆ ಸೇರಿಸಿದಳು. ಹಾಲೇಶ ಅದನ್ನು ಟವೆಲಿನಲ್ಲಿ ಮುಚ್ಚಿ, ಕೂಸನ್ನು ಎತ್ತಿಕೊಂಡವನಂತೆ ಎದೆಗಾನಿಸಿಕೊಂಡು ಹೋದ.

ಮಾರನೆಯ ದಿನ ಹೋಟೆಲಿನಲ್ಲಿ, ಸರ್ಟಿಫಿಕೇಟು ಬಂದ ಮೇಲೆ ಊರಿನಲ್ಲಿ ಮೊದಲ ಗಿರಾಕಿ ಯಾರು ಎಂದು ಕದರಪ್ಪ ಕೇಳಿದ. ಪಕ್ಕದ ಬೆಂಚಿನಲ್ಲಿದ್ದ ಹಾಲೇಶ ಟೀ ಲೋಟವನ್ನು ಮುಖಕ್ಕೆ ಅಡ್ಡ ಹಿಡಿದ. ಪಾಲಾಕ್ಷ ಆಚೆ ಈಚೆ ನೋಡಿ, ದನಿ ತಗ್ಗಿಸಿದ.

"ಹೆಸರು ಹೇಳಂಗಿಲ್ಲ. ಬಾಳ ದೊಡ್ಡೋರು. ಇನ್ನೂ ಹಲ್ಲು ಬಂದಿಲ್ಲ."